ಆಷಾಢದಲ್ಲಿ ಕಂಬಕ್ಕೆ ಪೇಂಟ್ ಹೊಡೆಯಬಾರದಂತೆ

ಅಮೆರಿಕದ ಕ್ಯಾರಿ ಅನ್ನೋ ಊರಲ್ಲಿ ಮನೆ ಮಾರಿಸಿಕೊಡೋದು ನನ್ನ ಕೆಲಸ. ಇಲ್ಲೇ ನೆಲೆಸಿರೋ ನಮ್ಮ ಮೈಸೂರಿನ ಅಂಕಲ್ ಒಬ್ಬರು ಮಾರೋಕಿಟ್ಟಿದ್ದ ಹಳೇ ಮನೆಯನ್ನ ಇಲ್ಲಿನ ಮಾಜಿ ಸೈನಿಕನೊಬ್ಬ ಇಷ್ಟಪಟ್ಟ. ಸೈನಿಕರಿಗೆ ಸರ್ಕಾರವೇ ಗ್ಯಾರಂಟಿ ಕೊಡೋ ಲೋನ್ ಅವನದು. ಲೋನಿಗೆ ಮುಂಚೆ ಮನೆ ನೋಡಿ ಬೆಲೆ ಕಟ್ಟೋ ಅಪ್ರೈಸರ್ ಬಂದು, ಪೋರ್ಚ್ ಕಂಬದ ಪೇಂಟ್ ಎದ್ದಿದೆ, ಕೆರೆದು ಹೊಸದು ಹೊಡೆಯೋತನಕ ಲೋನ್ ಇಲ್ಲ ಅಂದ.

“ಆಷಾಢದಲ್ಲಿ ಮನೆ ಕೆಲಸಕ್ಕೆ ಕೈ ಹಾಕಲ್ಲಮ್ಮ,” ಅಂದ್ರು ಅಂಕಲ್.

“ನಾನೇ ಬಂದು ಹೊಡೀತೀನಿ, ಒಂದು ಬೆಳಿಗ್ಗೆ ಸಾಕು,” ಅಂತ ಸೈನಿಕ ಕೇಳಿಕೊಂಡ.

ಅಂಕಲ್ ಒಪ್ಪಲಿಲ್ಲ. ಅವನ ಕೈ ಕುಲುಕಿ, ದೇಶಸೇವೆ ಮಾಡಿದ್ದಕ್ಕೆ ಥ್ಯಾಂಕ್ಸ್ ಹೇಳಿ ಕಳಿಸಿದ್ರು.

ಮರುವಾರ, ಲೋನೇ ಬೇಡದ ಇನ್ವೆಸ್ಟರ್ ಒಬ್ಬ ಬಂದ. ಅದೇ ಆಷಾಢದಲ್ಲಿ ಅಂಕಲ್ ಮಾರಾಟದ ಕರಾರಿಗೆ ಸೈನ್ ಹಾಕಿದ್ರು. ನನಗೆ ಮೈಯೆಲ್ಲಾ ಉರೀತು. ಜುಲೈ ನಾಲ್ಕರ ಸ್ವಾತಂತ್ರ್ಯ ದಿನಕ್ಕೆ ಅಂಕಲ್ ಕಟ್ಟಿದ್ದ ಅಮೆರಿಕದ ಬಾವುಟ ಮಾತ್ರ, ಕಂಬದಲ್ಲಿ ಪೇಂಟ್ ಎದ್ದಿದ್ದ ಜಾಗವನ್ನ ಚೆನ್ನಾಗಿ ಮುಚ್ಚಿತ್ತು.