ಒಂದೇ ಬಯಲು, ಒಂದೇ ಗಾಳಿ

“ಗಾಳಿ ಈಗ ಯಾವ ಕಡೆಗಪ್ಪಾ?”

ಕೇಳಿದವರು ಗೋಡೆಗೆ ಕಟ್ಟಿದ ಸಾರುವೆಯ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದಾರೆ. ಕೆಳಗೆ ಯಾರೂ ಇಲ್ಲ. ಹೊರಗೆ ಇನ್ನೂ ಬೆಳಕು ಹರಿಯಬೇಕು. ಸೇನಾ ವಸ್ತುಸಂಗ್ರಹಾಲಯದ ಈ ದುಂಡು ಹಜಾರಕ್ಕೆ ಕಿಟಕಿಯೇ ಇಲ್ಲ, ಗಾಳಿ ಬರುವ ಮಾತು ದೂರವೇ ಉಳಿಯಿತು. ಆದರೂ ಕುಂಚ ಹಿಡಿಯುವ ಮೊದಲು ದಿನಾ ಈ ಪ್ರಶ್ನೆ ಆಗಲೇಬೇಕು. ಉತ್ತರ ಇರುವುದು ಗೋಡೆಯ ಮೇಲೆ. ಅಲ್ಲಿ ಟ್ಯಾಂಕುಗಳು ಸಾಲಾಗಿ ದಿಬ್ಬ ಏರುತ್ತಿವೆ. ಎರಡು ವಿಮಾನಗಳು ಮೋಡ ಸೀಳಿಕೊಂಡು ಕೆಳಗೆ ಎರಗುತ್ತಿವೆ, ಮೂರನೆಯದರ ಬಾಲಕ್ಕೆ ಬೆಂಕಿ ಹತ್ತಿದೆ. ಅದರ ಹೊಗೆ ಬಲಕ್ಕೆ ವಾಲಿದೆ ಎಂದರೆ ಟ್ಯಾಂಕಿನ ಧೂಳೂ ಬಲಕ್ಕೇ ವಾಲಬೇಕು, ಬಾವುಟವೂ ಬಲಕ್ಕೇ ಹಾರಬೇಕು.

“ಯುದ್ಧದಲ್ಲಿ ಸೈನ್ಯ ಎರಡು ಇರಬಹುದು. ಗಾಳಿ ಮಾತ್ರ ಒಂದೇ,” ಎನ್ನುತ್ತಾರೆ ಅವರು, ಹೊಗೆಯ ಅಂಚನ್ನು ಬೆರಳ ತುದಿಯಿಂದ ಮೆಲ್ಲಗೆ ಸವರುತ್ತಾ.

ಕಾವಲಿನವರ ಬಾಯಲ್ಲಿ ಇವರು ‘ಹೊಗೆಯಕ್ಕ’. ಗೋಡೆಯ ಕೆಳಗಿರುವ ಹಿತ್ತಾಳೆ ಫಲಕದಲ್ಲಿ ಬೇರೆಯವರ ಹೆಸರಿದೆ. ಆ ಹಿರಿಯ ಕಲಾವಿದರು ಗೆರೆ ಎಳೆದುಕೊಟ್ಟು ಮುಂದಿನ ಊರಿಗೆ ಹೋದವರು. ಆಕಾಶ, ಧೂಳು, ಬೆಂಕಿ, ಹೊಗೆ ಎಲ್ಲವೂ ಅಕ್ಕನ ಕೈಯವು. ಫಲಕದ ಮಾತೆತ್ತಿದರೆ ನಗುತ್ತಾರೆ. “ಹೊಗೆ ಮೇಲೆ ಹೆಸರು ಬರೆದ್ರೆ ನಿಲ್ಲುತ್ತಾ?”

ಅಪ್ಪ ಲಾರಿಗಳಿಗೆ ಬಣ್ಣ ಬಳಿಯುತ್ತಿದ್ದವರು. ಅವರ ಮಗ್ಗುಲಲ್ಲೇ ಡಬ್ಬ ಕಲಕುತ್ತಾ ಬೆಳೆದ ಹುಡುಗಿಗೆ ಬಣ್ಣದ ವಾಸನೆಯೇ ಜೋಗುಳ. ಕೈಹಿಡಿದವರು ಜಜ್ಜಿಹೋದ ವಾಹನಗಳ ತಗಡು ತಟ್ಟುವವರು. ಮನೆಯ ಅಡುಗೆಕಟ್ಟೆಯ ಮೇಲೆ, ಉಪ್ಪಿನ ಡಬ್ಬಿಯ ಪಕ್ಕದಲ್ಲೇ, ಅವರು ಮಾಡಿಕೊಟ್ಟ ಅಂಗೈಯಗಲದ ತಗಡಿನ ಟ್ಯಾಂಕುಗಳು ಸಾಲುಗಟ್ಟಿ ನಿಂತಿವೆ. ಅಕ್ಕ ಅವುಗಳ ಮೇಲೆ ದೀಪ ಹಿಡಿದು ನೆರಳು ಬೀಳುವ ಬಗೆ ನೋಡುತ್ತಾರೆ. “ನೆಂಟರು ಬಂದ್ರೆ ಚಹಾ ಲೋಟ ಇಡೋಕೆ ಜಾಗ ಇಲ್ಲ, ಗಡಿ ದಾಟ್ಕೊಂಡು ಒಳಗೆ ಬರಬೇಕು,” ಎಂದು ಗಂಡ ದೂರುತ್ತಾರೆ. ದೂರಿನಲ್ಲಿ ಹೆಮ್ಮೆಯೇ ಹೆಚ್ಚು.

ಹೋದ ಮಳೆಗಾಲದಲ್ಲಿ ಗೋಡೆಗೆ ತೇವ ಇಳಿಯಿತು. ಆಕಾಶ ಬೊಬ್ಬೆ ಎದ್ದಿತು, ಟ್ಯಾಂಕುಗಳ ಮೈ ಸುಲಿದು ಉದುರಿತು. ಚಿತ್ರವನ್ನು ಕೆರೆದು ಹಾಕಿ, ಯುದ್ಧದ ಚಿತ್ರ ಅಚ್ಚು ಹಾಕಿಸಿದ ಪ್ಲಾಸ್ಟಿಕ್ ಹಾಳೆ ಅಂಟಿಸುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿತು. ಹಾಳೆಯ ಸುರುಳಿ ಬಂದು ಹಜಾರದ ಹೊರಗಿನ ಓಣಿಯಲ್ಲಿ ಮಲಗಿಯೂ ಆಯಿತು. ಅಕ್ಕ ಹೋಗಿ ಮೇಲ್ವಿಚಾರಕರ ಮೇಜಿನ ಮುಂದೆ ನಿಂತರು. “ಒಂದು ಸಲ ನನಗೆ ಬಿಟ್ಟುಕೊಡಿ ಸಾರ್, ಮತ್ತೆ ಬರೀತೀನಿ. ಆ ಯುದ್ಧ ಮಾಡಿದೋರು ಬಂದು ನೋಡಿ ‘ಇದಲ್ಲ’ ಅಂದ್ರೆ ನಾನೇ ಕೆರೆದು ಕೊಡ್ತೀನಿ.” ಮಾತು ಒಪ್ಪಿಗೆಯಾಯಿತು. ಟ್ಯಾಂಕ್ ಪಡೆಯ ಹಳೆಯ ಸೈನಿಕರು ಒಟ್ಟು ಸೇರುವ ದಿನ ತೀರ್ಪು.

ಆ ದಿನ ಇವತ್ತೇ.

ಅಕ್ಕನ ಎಡಗೈ ಕಿವಿಯ ಮಟ್ಟಕ್ಕಿಂತ ಮೇಲೇಳುವುದಿಲ್ಲ. ಟರ್ಪೆಂಟೈನಿಗೆ ಕಣ್ಣು ಕೆಂಪಾಗಿವೆ. ಇದೆಲ್ಲ ಅವರಿಗೆ ಲೆಕ್ಕಕ್ಕಿಲ್ಲ. ಎದೆ ಒಡೆದದ್ದು ಹೋದ ವಾರ. ಕೆಳಗಿಳಿದು ಬಾಗಿಲ ಬಳಿಯಿಂದ ನೋಡಿದರೆ, ಎಡಬದಿಯ ಟ್ಯಾಂಕುಗಳ ಧೂಳೆಲ್ಲ ಎಡಕ್ಕೆ ಹಾರಿದೆ! ಬಣ್ಣ ಬೇಗ ಒಣಗಲೆಂದು ಆ ಬದಿಯಲ್ಲಿ, ಟ್ಯಾಂಕುಗಳ ಬಲಕ್ಕೆ, ದೊಡ್ಡ ಫ್ಯಾನ್ ಇಟ್ಟಿದ್ದರು. ಅದರ ಗಾಳಿ ದಿನವಿಡೀ ಕೆನ್ನೆಗೆ ಬಡಿಯುತ್ತಿತ್ತು, ಕೈ ಅದನ್ನೇ ನಂಬಿಕೊಂಡು ಹೋಗಿತ್ತು. ಊಟ ತಂದ ಗಂಡ ಗೋಡೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಲ್ವೇ, ರಣರಂಗದ ಮಧ್ಯೆ ಫ್ಯಾನ್ ಹಾಕ್ಸಿದೋರು ಯಾರೇ?”

“ನಗಬೇಡಿ ಮಾರಾಯ್ರೇ, ಬಟ್ಟೆ ಹಿಡೀರಿ.”

ಇಬ್ಬರೂ ಸೇರಿ ಅಷ್ಟೂ ಧೂಳನ್ನು ಒರೆಸಿದರು. ಅಕ್ಕ ಮೊದಲಿನಿಂದ ಎಬ್ಬಿಸಿದರು, ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತಾ, ಪದರದ ಮೇಲೆ ಪದರ. ಜಪಕ್ಕೆ ಕುಳಿತವರ ಹಾಗೆ ತುಟಿ ಮಾತ್ರ ಅಲುಗುತ್ತಿತ್ತಂತೆ: ಬಲಕ್ಕೆ, ಬಲಕ್ಕೆ, ಬಲಕ್ಕೆ.

ಈಗ ಹೊರಗೆ ಬಿಸಿಲು ಏರಿದೆ. ಸಾರುವೆ ಬಿಚ್ಚಿದ್ದಾಗಿದೆ. ಹಳೆಯ ಸೈನಿಕರು ಒಬ್ಬರ ತೋಳು ಒಬ್ಬರು ಹಿಡಿದು ಒಳಗೆ ಬರುತ್ತಾರೆ. ಕೋಲುಗಳ ಟಕಟಕ ನಿಲ್ಲುತ್ತದೆ. ಅಕ್ಕ ಕಂಬದ ಹಿಂದೆ ನಿಂತು ಸೆರಗಿನ ತುದಿ ಹಿಂಡುತ್ತಿದ್ದಾರೆ. ಗಾಲಿಕುರ್ಚಿಯಲ್ಲಿ ಬಂದ ಒಬ್ಬ ಅಜ್ಜ, ಒಂದು ಕಾಲದ ಟ್ಯಾಂಕ್ ಚಾಲಕ, ಕಣ್ಣು ಕಿರಿದು ಮಾಡಿ ಗೋಡೆಯನ್ನೇ ನೋಡುತ್ತಾರೆ. ನೋಡುತ್ತಾ ನೋಡುತ್ತಾ ಕರವಸ್ತ್ರ ತೆಗೆದು ಮೂಗಿಗೆ ಒತ್ತಿ ಕೂಗುತ್ತಾರೆ:

“ಟ್ಯಾಂಕ್ ಮುಚ್ಚಳ ಹಾಕ್ರೋ! ಧೂಳೆಲ್ಲ ಒಳಗೆ ಬರ್ತಿದೆ!”

ಹಜಾರಕ್ಕೆ ಹಜಾರವೇ ನಗುತ್ತದೆ. ಮುದುಕರು ಹುಡುಗರಾಗುತ್ತಾರೆ. “ಅಗೋ, ನಂದು ಅದು!” “ನಿಂದೆಲ್ಲೋ, ನೀನು ಹಿಂದೆ ಬಿದ್ದಿದ್ಯಲ್ಲ!” “ಹಿಂದೆ ಇದ್ದು ನಿನ್ನ ಜೀವ ಕಾಯ್ದಿದ್ದು ಯಾರು, ನಿಮ್ಮಜ್ಜಾನಾ?” ದಿಬ್ಬವನ್ನು ಅವರು ಎರಡನೆಯ ಸಲ ಗೆಲ್ಲುತ್ತಾರೆ. ಚಪ್ಪಾಳೆ ನಿಲ್ಲುವುದೇ ಇಲ್ಲ. ಯಾರೋ ಅಕ್ಕನನ್ನು ಕಂಬದ ಹಿಂದಿನಿಂದ ಎಳೆದು ತರುತ್ತಾರೆ. ಅಜ್ಜ ಅವರ ಬಣ್ಣದ ಕೈಯನ್ನು ತಮ್ಮೆರಡು ಕೈಗಳಲ್ಲಿ ಹಿಡಿದು ಬಿಡುವುದಿಲ್ಲ. “ಮಗಳೇ, ನೀನು ಆವತ್ತು ಎಲ್ಲಿದ್ದೆ?”

“ಹುಟ್ಟಿರಲಿಲ್ಲ ಅಜ್ಜಾ.”

“ಸುಳ್ಳು!”

ಓಣಿಯ ಪ್ಲಾಸ್ಟಿಕ್ ಸುರುಳಿಯನ್ನು ಆಳುಗಳು ಹೆಗಲಿಗೇರಿಸಿ ಹಿಂಬಾಗಿಲಿಂದ ಸಾಗಿಸುತ್ತಾರೆ. ಅಜ್ಜ ಕುರ್ಚಿಯನ್ನು ಚಿತ್ರದ ಎಡಮೂಲೆಗೆ ತಳ್ಳಿಸಿಕೊಳ್ಳುತ್ತಾರೆ. ಅಲ್ಲಿ ಒಂದು ಟ್ಯಾಂಕ್ ಧಗಧಗ ಉರಿಯುತ್ತಿದೆ. ಅದು ಇವರದೇ ಪಡೆಯದು. ಉಳಿದವರೂ ಬಂದು ಸುತ್ತ ನಿಲ್ಲುತ್ತಾರೆ. ಒಬ್ಬೊಬ್ಬರೇ ಟೋಪಿ ತೆಗೆಯುತ್ತಾರೆ.

ಮೇಲ್ವಿಚಾರಕರ ಮುಖವೂ ಅರಳಿದೆ. ಅಕ್ಕನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸುತ್ತಾರೆ. “ಗೆದ್ದುಬಿಟ್ರಿ ಅಕ್ಕಾ, ಗೋಡೆ ಇನ್ನು ನಿಮ್ಮದೇ. ಒಂದೇ ಒಂದು ಸಣ್ಣ ಕೆಲಸ. ಗೆಲುವಿನ ಚಿತ್ರದಲ್ಲಿ ನಮ್ಮದೇ ಟ್ಯಾಂಕ್ ಉರೀತಾ ಇದ್ರೆ ನೋಡೋಕೆ ಚೆನ್ನಾಗಿರಲ್ಲ. ಅದರ ಮೇಲೆ ಒಂದಿಷ್ಟು ಹೊಗೆ ಎಳೆದುಬಿಡಿ. ನಿಮಗದು ಎಷ್ಟರ ಕೆಲಸ?”

ಅಕ್ಕ ಟೋಪಿ ಕೈಯಲ್ಲಿ ಹಿಡಿದು ನಿಂತವರ ಕಡೆ ಒಮ್ಮೆ ನೋಡುತ್ತಾರೆ.

“ಆ ಉರಿಯೋ ಟ್ಯಾಂಕಲ್ಲಿ ಅವರಿದ್ದಿದ್ದಕ್ಕೇ ಸಾರ್ ಇವರು ದಿಬ್ಬ ಹತ್ತಿದ್ದು. ನಾನು ಮುಚ್ಚಲ್ಲ.”