ಚೀಲದ ನಡುವಿನ ಕಾಳು

ಶಿವಲಿಂಗಪ್ಪ ಸಾವಕಾರರು ಕಾದಂಬರಿಯನ್ನು ಮೊದಲ ಪುಟದಿಂದ ಓದುತ್ತಿರಲಿಲ್ಲ. ಹೊಸ ಪುಸ್ತಕ ಕೈಗೆ ಬಂದರೆ ನಿಂತಲ್ಲೇ ಅದರ ಹೊಟ್ಟೆಗೆ ಹೆಬ್ಬೆರಳು ತೂರಿಸಿ, ಸರಿಯಾಗಿ ನಡುವೆ ತೆರೆದು, ಕನ್ನಡಕವನ್ನು ಹಣೆಗೇರಿಸಿ ಒಂದು ಪುಟ ಓದುತ್ತಿದ್ದರು. ಜೋಳದ ಚೀಲವನ್ನು ಪರೀಕ್ಷಿಸುವ ರೀತಿ ಅದು. ಹುಬ್ಬಳ್ಳಿ ಪೇಟೆಯಲ್ಲಿ ಅವರದು ಕಾಳಿನ ಸಗಟು ವ್ಯಾಪಾರ. ಚೀಲದ ನಡುವಿಗೆ ಕಬ್ಬಿಣದ ಕೊಳವೆ ಚುಚ್ಚಿ, ಒಳಗಿನ ಕಾಳನ್ನು ಅಂಗೈಗೆ ಸುರಿದುಕೊಂಡು ನೋಡಿದ ಮೇಲೆಯೇ ದರ ಹೇಳುವವರು.

“ಚೀಲದ ಬಾಯಾಗ ಎಲ್ಲಾರೂ ಛಲೋ ಕಾಳ ಹಾಕ್ತಾರ್ರಿ ಮಾಸ್ತರ. ಮೊದಲನೇ ಪುಟಾನೂ ಹಂಗ. ಕಸಾ ಎಲ್ಲಾ ನಡುವ ಇರ್ತೈತಿ,” ಎನ್ನುತ್ತಿದ್ದರು.

ನಡುವಿನ ಪುಟ ಹಿಡಿಸಿದರೆ ಅಲ್ಲಿಂದ ಕೊನೆಯವರೆಗೆ ಓದಿ, ಆಮೇಲೆ ಮೊದಲಿಗೆ ಬರುತ್ತಿದ್ದರು. ಹಿಡಿಸದಿದ್ದರೆ ಪುಸ್ತಕ ಅಲ್ಲಿಗೆ ಮುಗಿಯಿತು. ನಾನು ಇದಕ್ಕೆ ಪೂರಾ ವಿರುದ್ಧ. ಪ್ರೌಢಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿ, ಜೊತೆಗೆ ಹಾಸ್ಟೆಲ್ ನೋಡಿಕೊಂಡು ನಿವೃತ್ತನಾದವನು. ಅರ್ಪಣೆ, ಮುನ್ನುಡಿ, ಕೃತಜ್ಞತೆ ಸಹಿತ ಸಾಲಾಗಿ ಓದುತ್ತೇನೆ. ಮಧ್ಯಾಹ್ನದ ಚಹಾ ಆದ ಮೇಲೆ ಒಂದು ಅಧ್ಯಾಯ. ಕಥೆ ಎಷ್ಟೇ ರಂಗೇರಿದ್ದರೂ ಎರಡನೆಯದಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಒಂದು ಹಿಟ್ಟಿನ ಗಿರಣಿ ಮಾತ್ರ ಇದ್ದುದರಿಂದ ಅವರು ಕೊಂಡ ಪುಸ್ತಕಗಳೆಲ್ಲ ಕೊನೆಗೆ ನನ್ನ ಮನೆಗೆ ಬರುತ್ತಿದ್ದವು. ಪುಸ್ತಕದ ಜೊತೆಗೆ ತೀರ್ಪೂ ಬರುತ್ತಿತ್ತು. ಆ ತೀರ್ಪಿನಲ್ಲಿ ದಯೆ ಇರುತ್ತಿರಲಿಲ್ಲ.

ಪುಟಪುಟಕ್ಕೂ ಮಳೆ ಸುರಿಯುವ ಕಾದಂಬರಿಯೊಂದನ್ನು ಕೊಡುತ್ತ, “ಇದು ಹಸಿ ಮಾಲು. ಎರಡು ದಿನಾ ಬಿಸಲಾಗ ಹರವಿ ಆಮ್ಯಾಲ ಓದ್ರಿ,” ಎಂದರು. ಗ್ರಾಮಜೀವನದ ದರ್ಶನ ಎಂದು ಬೆನ್ನುಡಿಯಲ್ಲಿ ಹೊಗಳಿಸಿಕೊಂಡ ಇನ್ನೊಂದರ ಬಗ್ಗೆ, “ಈ ರೈತ ಇಡೀ ಹಂಗಾಮಿನಾಗ ಒಮ್ಮೆನೂ ಹೊಲಕ್ಕ ಹೋಗಿಲ್ಲ. ಕಟ್ಟಿ ಮ್ಯಾಲ ಕುಂತು ಶೂನ್ಯ, ಶೂನ್ಯ ಅಂತಾನ. ಬಿತ್ತದಿದ್ರ ಮತ್ತೇನು ಬೆಳೀತೈತಿ?” ದಪ್ಪನೆಯ ಐತಿಹಾಸಿಕ ಕಾದಂಬರಿಗೆ ಒಂದೇ ಸಾಲು: “ರಾಣಿ ಒಡವಿ ಹಾಕ್ಕೊಂಡು ಮುಗಸೂದ್ರಾಗ ವೈರಿ ಕ್ವಾಟಿ ತಗೊಂಡು ಹೋದ.”

ಧಾರವಾಡದ ಸಪ್ತಾಪುರದ ತರುಣ ಪ್ರಾಧ್ಯಾಪಕರೊಬ್ಬರು ಪೂರ್ಣವಿರಾಮವೇ ಇಲ್ಲದ ಕಾದಂಬರಿ ಬರೆದು, ಅಭಿಪ್ರಾಯ ಕೇಳಲು ಅಂಗಡಿಗೇ ಬಂದರು. ಸಾವಕಾರರು ಗಾದಿಯ ಮೇಲೆ ಜಾಗ ಕೊಟ್ಟು, ಚಹಾಕ್ಕೆ ಹೇಳಿ ಕಳಿಸಿ, “ಓದೂಮುಂದ ನಡುವ ಎದ್ದು ಒಂದು ತಂಬಿಗಿ ನೀರು ಕುಡದ್ನಿರಿ ಸರ್. ನಿಮ್ಮ ಪುಸ್ತಕದಾಗ ನಾ ಹಾಕಿದ ಪೂರ್ಣವಿರಾಮ ಅದೊಂದ,” ಎಂದರು. ಚಹಾ ಬರುವಷ್ಟರಲ್ಲಿ ಪ್ರಾಧ್ಯಾಪಕರು ಇರಲಿಲ್ಲ.

ಅವರಿಗೆ ನಿಜವಾದ ಗೌರವವಿದ್ದದ್ದು ಪತ್ತೇದಾರಿ ಕಾದಂಬರಿಗಳ ಮೇಲೆ. ಅವನ್ನೂ ನಡುವಿನಿಂದಲೇ ಶುರು ಮಾಡುತ್ತಿದ್ದುದರಿಂದ ಕೊಲೆಗಾರ ಸಿಕ್ಕ ಎಷ್ಟೋ ದಿನಗಳ ಮೇಲೆ ಅವರಿಗೆ ಹೆಣ ಸಿಗುತ್ತಿತ್ತು. ಇದನ್ನು ನಾನು ಎತ್ತಿ ತೋರಿಸಿದರೆ, “ನಿಮಗ ಹೆಣಾ ಮೊದಲ ಬೇಕು, ಸಾಲು ಹಚ್ಚಿ ನಿಂದರಸಾಕ,” ಎಂದು ನನ್ನ ಡ್ರಿಲ್ಲಿಗೇ ತಿರುಗಿಸುತ್ತಿದ್ದರು.

ಸಾರಿಗೂ ಇದೇ ನ್ಯಾಯ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು, ಎರಡು ಗುಟುಕು ಕುಡಿದು, ಸಾರಿನ ಬಟ್ಟಲನ್ನು ಒಂದು ಬೆರಳಿನಿಂದ ಮುಂದಕ್ಕೆ ದೂಡಿ ತೀರ್ಪು ಕೊಡುತ್ತಿದ್ದರು. “ಬಿಸಿ ಅಂತೂ ಐತಿ.” ಅಥವಾ, “ಇದರಾಗ ಬ್ಯಾಳಿ ಬಂದು ಹೋಗೇತಿ ಅಂತ ಸುದ್ದಿ.” ನಾನು ಅಲ್ಲಿ ಊಟಕ್ಕೆ ಕುಳಿತ ದಿನಗಳಲ್ಲಿ ತಲೆ ತಗ್ಗಿಸಿ ಉಣ್ಣುತ್ತಿದ್ದೆ. ತಾಟಿನಲ್ಲಿ ಬಿದ್ದದ್ದನ್ನು ಮಾತಾಡದೆ ಉಣ್ಣಬೇಕು ಎಂಬುದು ನಮ್ಮ ಹಾಸ್ಟೆಲಿನ ಮೊದಲ ನಿಯಮ. ಬಡಿಸುತ್ತಿದ್ದವಳು ಅವರ ಸೊಸೆ ವಿಜಯಾ. ಅವಳು ಧಾರವಾಡದ ಕಾಲೇಜೊಂದರಲ್ಲಿ ಕಲಿಸುತ್ತಿದ್ದಳು. ಬೆಳಗಿನ ಪಾಳಿ ಮುಗಿಸಿ, ಬಸ್ಸಿನಲ್ಲಿ ನಿಂತು ಬಂದು, ಈ ಸಾರು ಮಾಡುತ್ತಿದ್ದಳು.

ಆ ವಿಜಯಾ ಒಂದು ಕಾದಂಬರಿ ಬರೆದಳು. ಪ್ರಕಾಶಕರು ಸಿಕ್ಕರು, ಪುಸ್ತಕ ಬಂತು, ಧಾರವಾಡದಲ್ಲಿ ಬಿಡುಗಡೆ ಎಂದಾಯಿತು. ನಮ್ಮಲ್ಲಿ ಬಿಡುಗಡೆ ಎಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ, ಪುಸ್ತಕ ಓದದವರು ಆಡುವ ಮೂರು ಭಾಷಣ. ಕಾರ್ಯಕ್ರಮ ಹೇಳಿದ ವೇಳೆಗೆ ಶುರುವಾಗಲಿಲ್ಲ. ನಾನು ಖಾಲಿ ಕುರ್ಚಿಗಳ ನಡುವೆ ಕುಳಿತು ಗಡಿಯಾರ ನೋಡುತ್ತಿದ್ದೆ. ಅಷ್ಟರಲ್ಲಿ ಪುಸ್ತಕದ ಬಗ್ಗೆ ಮಾತಾಡಬೇಕಿದ್ದ ವಿಮರ್ಶಕರು ಬರುವುದಿಲ್ಲ ಎಂದು ಗೊತ್ತಾಯಿತು. ಸಂಘಟಕರು ಸಾವಕಾರರ ಕಡೆ ತಿರುಗಿದರು. ವಿಜಯಾ ತಟ್ಟನೆ ಎದ್ದು ನಿಂತಳು. “ಅವರು ಬ್ಯಾಡ್ರಿ, ಇನ್ನೂ ಓದಿಲ್ಲ,” ಎಂದಳು.

“ಅದಕ್ಕೇನು,” ಎಂದು ಸಾವಕಾರರು ಅಲ್ಲೇ ನಿಂತು ಪುಸ್ತಕದ ನಡುವೆ ಹೆಬ್ಬೆರಳು ತೂರಿಸಿದರು. ಒಂದು ಪುಟ ಓದಿದರು. ವೇದಿಕೆ ಹತ್ತಿದರು.

“ನಮ್ಮ ಸೊಸಿ ಭಾಷಾ ಛಲೋ ಐತಿ. ಆದ್ರ ಇದರಾಗ ಒಬ್ಬ ಮುದುಕ ಬರ್ತಾನ. ಅಂವ ಖೊಟ್ಟಿ. ದಿನಾ ಉಣ್ಣಾಕ ಕುಂತು ಸಾರಿಗೆ ಹೆಸರಿಡತಾನಂತ. ಬಟ್ಟಲಾ ಒಂದು ಬೆರಳಿಂದ ದೂಡತಾನಂತ. ಇಂಥಾ ಮನಶಾ ಯಾರ ಮನ್ಯಾಗ ಇರ್ತಾನ್ರಿ?”

ಬೀಗರು ಕುಳಿತ ಸಾಲಿನಿಂದ ಒಂದು ನಗೆ ಎದ್ದಿತು. ಮಾತು ಹತ್ತಿತೆಂದು ಸಾವಕಾರರಿಗೆ ಹುರುಪು ಬಂತು.

“ಇದ್ದಿದ್ರ ಮನ್ಯಾವ್ರು ಅವನ್ನ ಯಾವಾಗೋ ಹೊರಗ ಹಾಕ್ತಿದ್ರು.”

“ಹಾಕೂಣಂತ ಬಾಳ ದಿನದಿಂದ ಮಾಡೇವ್ರಿ,” ಎಂದರು ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ಗೌರಮ್ಮ. ಸಭಾಭವನ ಬಿದ್ದು ಬಿದ್ದು ನಕ್ಕಿತು. ವೇದಿಕೆಯ ಮೇಲೆ ವಿಜಯಾ ಒಬ್ಬಳೇ ನಗಲಿಲ್ಲ.

ಹುಬ್ಬಳ್ಳಿಗೆ ಮರಳುವಾಗ ಸಾವಕಾರರು ನನ್ನ ಪಕ್ಕದಲ್ಲಿ ಕುಳಿತು ಕಿಟಕಿಯ ಹೊರಗೆ ನೋಡುತ್ತಿದ್ದರು. “ಮಾಸ್ತರ, ಅಂವ ನಾನೇನ್ರಿ?” ಎಂದರು.

“ಮೊದಲನೇ ಪುಟದಿಂದ ಓದ್ರಿ,” ಎಂದೆ.

ಮರುದಿನ ಗಿರಣಿಯ ಮುಂದೆ ವಿಜಯಾ ಸಿಕ್ಕಳು. ಎರಡನೆಯ ಕಾದಂಬರಿಯನ್ನು ಅರ್ಧ ಬರೆದಿದ್ದಳು. “ಅದನ್ನ ಕಟ್ಟಿ ಇಟ್ಟೇನ್ರಿ ಕಾಕಾ. ಮನ್ಯಾಗಿನ ಮನಶಾನ್ನ ಪ್ಯಾಟ್ಯಾಗ ನಿಂದರಿಸಿದಂಗಾತು. ಇನ್ನ ಬರಿಯೂದು ಸಾಕು,” ಎಂದಳು. ಅವಳು ದುಡುಕಿನ ಹುಡುಗಿಯಲ್ಲ. ಸಾಕು ಎಂದರೆ ಸಾಕೇ.

ಸಾವಕಾರರು ಆ ಪುಸ್ತಕವನ್ನು ಮೊದಲ ಪುಟದಿಂದ, ಗಾದಿಯ ಮೇಲೆ ಕುಳಿತು, ಗಿರಾಕಿಗಳನ್ನು ಕಾಯಿಸಿ ಓದಿದರು. ಅವರು ಹೀಗೆ ಓದಿದ ಪುಸ್ತಕ ನನಗೆ ತಿಳಿದಂತೆ ಅದೊಂದೇ. ಓದಿ ಏನೂ ಹೇಳಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಸಾರಿನ ಬಗ್ಗೆಯೂ ಹೇಳುವುದನ್ನು ಬಿಟ್ಟರು. ಬಟ್ಟಲು ಬಂತು, ಖಾಲಿಯಾಯಿತು, ಎದ್ದು ಕೈ ತೊಳೆದರು. ವಾರಗಟ್ಟಲೆ ಹೀಗೇ ನಡೆಯಿತು. ಗೌರಮ್ಮ ಡಾಕ್ಟರಿಗೆ ತೋರಿಸೋಣವೇ ಎಂದು ನನ್ನನ್ನು ಕೇಳಿದರು.

ಒಂದು ಮಧ್ಯಾಹ್ನ ನಾನೂ ಊಟಕ್ಕಿದ್ದೆ. ವಿಜಯಾ ಸಾರು ಬಡಿಸಿ ಅಲ್ಲೇ ನಿಂತಳು.

“ಮಾವಾರ, ಏನರ ಅನ್ರಿ. ಮನಿ ಬಿಕೋ ಅನ್ನಾಕತ್ತೈತಿ.”

“ನೀ ಬರೀತೀನಿ ಅಂದ್ರ ನಾ ಅಂತೇನಿ.”

“ಬರದ್ರ ಮತ್ತ ನೀವ ಬರ್ತೀರಿ ಅದರಾಗ.”

“ಬರ್ಲಿ. ಮೊದಲನೇ ಪುಸ್ತಕದಾಗ ಆ ಮುದುಕನ್ನ ಬಾಳ ಸೌಮ್ಯ ಮಾಡೀದಿ. ಖರೇ ಮುದುಕ ಇನ್ನಷ್ಟು ಕೆಟ್ಟ ಇದ್ದಾನ.”

ವಿಜಯಾ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡಿಗೆಮನೆಯಿಂದ, “ಆತ್ರಿ, ಬರೀತೇನಿ,” ಎಂಬ ಮಾತು ಬಂತು. ಸಾವಕಾರರು ಬಟ್ಟಲನ್ನು ಒಂದು ಬೆರಳಿನಿಂದ ದೂಡಿದರು. “ಉಪ್ಪು ಕಡಿಮಿ,” ಎಂದರು. ಗೌರಮ್ಮ ಡಾಕ್ಟರ ಮಾತು ಮತ್ತೆ ಎತ್ತಲಿಲ್ಲ.

ಹೋದ ವರ್ಷ ಸುಗ್ಗಿಯ ಗದ್ದಲದಲ್ಲಿ, ಅಂಗಡಿಯಲ್ಲೇ, ಗಾದಿಗೆ ಒರಗಿದ ಸಾವಕಾರರು ಮತ್ತೆ ಏಳಲಿಲ್ಲ. ಪಕ್ಕದಲ್ಲಿ ನಡುವೆ ತೆರೆದು ಬೋರಲು ಹಾಕಿದ ಒಂದು ಪತ್ತೇದಾರಿ ಕಾದಂಬರಿ ಇತ್ತು. ಈ ಸಲ ಅವರಿಗೆ ಹೆಣವೂ ಸಿಗಲಿಲ್ಲ, ಕೊಲೆಗಾರನೂ ಸಿಗಲಿಲ್ಲ.

ಮೊನ್ನೆ ವಿಜಯಾಳ ಎರಡನೆಯ ಕಾದಂಬರಿ ಬಂತು. ಬಿಡುಗಡೆ, ಶಾಲು, ಹಾರ ಏನನ್ನೂ ಇಟ್ಟುಕೊಳ್ಳದೆ ನನ್ನನ್ನು ಊಟಕ್ಕೆ ಕರೆದು ಪುಸ್ತಕ ಕೈಗಿಟ್ಟಳು. ಅದನ್ನು ಚಹಾ ಆದ ಮೇಲೆ ಮೊದಲ ಪುಟದಿಂದ ಓದುವುದೆಂದು ಬದಿಗಿಟ್ಟೆ. ತಾಟು ಬಂತು. ಸಾವಕಾರರ ಜಾಗ ಬಿಟ್ಟು ಎಲ್ಲರೂ ಕುಳಿತಿದ್ದೆವು. ಸಾರು ಬಡಿಸಿದ ವಿಜಯಾ, ಏನನ್ನೋ ಕಾಯುವವಳ ಹಾಗೆ ಒಂದು ಗಳಿಗೆ ನಿಂತಳು. ಯಾರೂ ಏನೂ ಅನ್ನಲಿಲ್ಲ. ಅವಳು ತಿರುಗಿ ಹೊರಟಳು.

ನಾನು ಬಟ್ಟಲನ್ನು ಒಂದು ಬೆರಳಿನಿಂದ ಮುಂದಕ್ಕೆ ದೂಡಿದೆ.

“ಉಪ್ಪು ಕಡಿಮಿ ಆಗೇತಿ, ವಿಜಯಾ,” ಎಂದೆ.

ಉಪ್ಪು ಸರಿಯಾಗಿಯೇ ಇತ್ತು. ಅವಳು ಉಪ್ಪಿನ ಡಬ್ಬಿ ತರಲು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.