ಜೀಪಿಗೆ ಜಾಯಿಂಟ್ ಒಂದೋ, ಎರಡೋ?

ಗೆಳೆಯರೇ, ಇವತ್ತು ನಾನೂ ನನ್ನ ಮಾವನವರೂ ಸೀತಾಬರ್ಡಿ ಪೇಟೆಯ ಬಿಡಿಭಾಗಗಳ ಅಂಗಡಿಯಲ್ಲಿ ಜಗಳವಾಡಿದೆವು. ಕಾರಣ, ನಮ್ಮ ಹಳೆಯ ಜೀಪು. ಅದಕ್ಕೆ ದೊಡ್ಡ ಎಂಜಿನ್ ಕೂರಿಸಿದ ಮೇಲೆ ಸ್ಟೀರಿಂಗಿನ ಶಾಫ್ಟ್ ನೇರವಾಗಿ ಇಳಿಯಲು ಜಾಗವಿಲ್ಲ, ಎಂಜಿನ್ನಿನ ಪಕ್ಕದಿಂದ ಬಾಗಿ ಹೋಗಬೇಕು. ಬಾಗುವಲ್ಲಿ, ಬಾಗಿದ್ದರೂ ಶಾಫ್ಟ್ ತಿರುಗುವಂತೆ ಮಾಡುವ ಯೂನಿವರ್ಸಲ್ ಜಾಯಿಂಟ್ ಬೇಕು.

"ಒಂದು ಸಾಕು," ಎಂದರು ರೈಲ್ವೆಯಿಂದ ನಿವೃತ್ತರಾದ ಮಾವ.

ನಾನು ಹಿಂಗಣಾದ ಕಾರ್ಖಾನೆಯಲ್ಲಿ ಇಂಥವನ್ನೇ ದಿನವೂ ನೋಡುವವಳು. "ಬಾಗು ಭಾಳ ಐತಿ ಮಾಮಾ, ಒಂದರಾಗ ಬಿಗೀತೈತಿ. ಎರಡು ಹಾಕೂಣು."

"ಇಷ್ಟು ವರ್ಷ ಜೀಪ್ ಹೊಡದಾಂವ ನಾನೋ, ನೀನೋ?"

ನಮ್ಮ ಕನ್ನಡದ ಕೂಗಾಟ ಅರ್ಥವಾಗದೆ ಗಾಬರಿಯಾದ ಮರಾಠಿ ಅಂಗಡಿಯಾತ ನೀರು ತಂದುಕೊಟ್ಟ. ನಾನು ಒಂದು ಜಾಯಿಂಟನ್ನು ನಮ್ಮ ಜೀಪಿನಲ್ಲಿ ಬೇಕಾದಷ್ಟೇ ಬಾಗಿಸಿ ಹಿಡಿದೆ.

"ತಿರುಗಸ್ರಿ."

ತಿರುಗಿಸಿದರು. ಅರ್ಧಕ್ಕೇ ಸಿಕ್ಕಿಕೊಂಡಿತು. ಅದೇ ಬಾಗನ್ನು ಎರಡು ಜಾಯಿಂಟುಗಳಿಗೆ ಹಂಚಿದೆ, ಸರಾಗವಾಗಿ ಸುತ್ತಿತು. ಮಾವ ಅದನ್ನು ಮತ್ತೆ ಮತ್ತೆ ಸುತ್ತಿಸಿ ನೋಡಿದರು.

"ತಿರುವಿನಾಗ ಹಿಂಗ ಸಿಕ್ಕೊಂಡಿದ್ರ..." ಎಂದು ಜಾಯಿಂಟುಗಳನ್ನು ಕೆಳಗಿಟ್ಟರು. ಆಮೇಲೆ, "ಬರೋಬರ್ ಐತಿ ನಿಂದು. ಎರಡೂ ತಗೋ. ಐತವಾರ ನೀನ ಹೊಡಿ, ನಾ ಬಾಜೂಕ ಕುಂದರ್ತೀನಿ."

ಆ ಸ್ಟೀರಿಂಗನ್ನು ಅವರು ಮನೆಯಲ್ಲಿ ಯಾರಿಗೂ ಮುಟ್ಟಗೊಟ್ಟವರಲ್ಲ. ಖುಷಿಗೆ ಎರಡಕ್ಕೂ ನಾನೇ ದುಡ್ಡು ಕೊಟ್ಟೆ.

ಹೊರಡುವಾಗ ಮಾವ ಅಂಗಡಿಯಾತನನ್ನು ಮೆಲ್ಲಗೆ ವಿಚಾರಿಸುತ್ತಿದ್ದರು: ಎಡಗಡೆ ಸೀಟಿನವರ ಕೈಗೆ ಸಿಗುವಂತೆ ಇನ್ನೊಂದು ಹಾರ್ನ್ ಬಟನ್ ಕೂರಿಸಬಹುದೇ?

ಪುಣ್ಯಕ್ಕೆ, ಆ ಕಡೆಗೂ ಒಂದು ಬ್ರೇಕ್ ಕೇಳಲಿಲ್ಲ.